ಹೋರಿಗೆ ಹೆಸರು, ಹುಡುಗನಿಗೆ?

ದೀಪಾವಳಿ ಬಂತು ಅಂದ್ರೆ ಶಿಕಾರಿಪುರ, ಸೊರಬದ ಊರುಗಳಲ್ಲಿ ಹೋರಿ ಹಬ್ಬ. ಹೋರಿಗೆ ಕೊಬ್ಬರಿ ಹಾರ ಕಟ್ಟಿ ಅಖಾಡಕ್ಕೆ ಬಿಡ್ತಾರೆ. ಯಾರ ಕೈಗೂ ಸಿಗದೆ ಓಡಿದರೆ ಹೋರಿ ಗೆದ್ದಂತೆ. ಹಾರ ಕಿತ್ತರೆ ಹುಡುಗ ಗೆದ್ದಂತೆ.

ಮೊದಲು ಆ ಕೊಬ್ಬರಿಯೇ ಬಹುಮಾನ. ಈಗ ಬೈಕು, ಬಂಗಾರ ಇಡ್ತಾರೆ. ಗೆದ್ದ ಹೋರಿಗೆ ಲಕ್ಷಗಟ್ಟಲೆ ಬೆಲೆ, ಸಿನಿಮಾ ಹೀರೋ ಥರ ಫ್ಲೆಕ್ಸು, ಅಭಿಮಾನಿಗಳು. ಹಾಗಾದರೆ ಇದು ವೃತ್ತಿಯಾಯ್ತಾ? ಆಟ ವೃತ್ತಿಯಾಗೋದು ಅಂದ್ರೆ ಆಡುವವನ ಬದುಕಿಗೆ ದಾರಿಯಾಗಬೇಕು.

ಅಮೆರಿಕದ ಬೌಲಿಂಗ್ ನೋಡಿ. ಕ್ರಿಕೆಟ್ಟಿನದಲ್ಲ, ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸೋ ಆಟ. ಅಲ್ಲಿ ವೃತ್ತಿಪರ ಆಟಗಾರರ ಸಂಘ 1958ರಲ್ಲೇ ಹುಟ್ಟಿತು. 1962ರಿಂದ ಎಬಿಸಿ ಟಿವಿ ಅವರ ಆಟ ತೋರಿಸಿತು, 1997ರಲ್ಲಿ ಕೈಬಿಟ್ಟಿತು. ಕ್ಯಾಮೆರಾ ಹೋದರೂ ಟೂರ್ನಿ ನಿಲ್ಲಲಿಲ್ಲ. ಯಾಕಂದ್ರೆ ಅಲ್ಲೊಂದು ವ್ಯವಸ್ಥೆ ಇತ್ತು.

ನಾವೂ ಹೋರಿ ಓಟ ತೋರಿಸ್ತೀವಿ. ತಿವಿತಕ್ಕೆ ಸಿಕ್ಕು ಸತ್ತವರ ಸುದ್ದಿಯನ್ನೂ ನಾನೇ ಓದಿದ್ದೇನೆ. ಮರುದಿನ ಬೇರೆ ಸುದ್ದಿ. ಆ ಮನೆಯಲ್ಲಿ ಮಾತ್ರ ಅದೇ ಸುದ್ದಿ.

ಹಬ್ಬ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಗಟ್ಟಿ ಬೇಲಿ ಕಟ್ಟಿ, ಆಂಬುಲೆನ್ಸ್ ನಿಲ್ಲಿಸಿ. ಬಹುಮಾನದ ಬೈಕಿಗೆ ಇನ್ಶೂರೆನ್ಸ್ ಇರುತ್ತೆ. ಹಾರಕ್ಕೆ ಕೈ ಹಾಕೋ ಹುಡುಗನಿಗೂ ಒಂದು ಮಾಡಿಸಿ.