ಒಪ್ಪಂದ ಬಿಟ್ಟು ಬಂದ್ರೆ ಅಡಿಕೆ ರೇಟ್ ನಿಲ್ಲುತ್ತಾ? ಇರೋದು ಮೂರು ದಾರಿ

ತೊಗರ್ಸಿ: ರಾಶಿ ಅಡಿಕೆ ರೇಟ್ ಸ್ವಲ್ಪ ಇಳಿದ್ರೆ ಸಾಕು, ಇಲ್ಲಿನ ಟೀ ಅಂಗಡಿಯಿಂದ ಹಿಡಿದು ಶಿರಾಳಕೊಪ್ಪದವರೆಗೆ ಒಂದೇ ಮಾತು: "ಹೊರಗಿನ ಅಡಿಕೆ ಬಂತು, ಆ ಒಪ್ಪಂದನೇ ಕಿತ್ತು ಹಾಕ್ಬೇಕು." ರೇಟ್ ಬಿದ್ದರೆ ಬಿಸಿ ತಟ್ಟೋದು ಬೆಳೆಗಾರರಿಗಷ್ಟೇ ಅಲ್ಲ, ಕಿರಾಣಿ, ಬಟ್ಟೆ, ಗೊಬ್ಬರದ ಅಂಗಡಿಗಳ ಉದ್ರಿ ಪುಸ್ತಕಕ್ಕೂ ತಟ್ಟುತ್ತೆ. ಹಾಗಾದರೆ ಯಾವ ಒಪ್ಪಂದ? ಬಿಟ್ಟರೆ ಏನಾಗುತ್ತೆ?

ಯಾವ ಒಪ್ಪಂದ?

ಅಡಿಕೆ ವಿಚಾರದಲ್ಲಿ ಹೆಚ್ಚು ಕೇಳಿಬರೋದು ಎರಡು. ಒಂದು, 2000ದ ಮಾರ್ಚ್‌ನಲ್ಲಿ ಜಾರಿಗೆ ಬಂದ ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ. ಇನ್ನೊಂದು, 2006ರಲ್ಲಿ ಜಾರಿಯಾದ ಸಾರ್ಕ್ ದೇಶಗಳ 'ಸಾಫ್ಟಾ'. ಸಾಮಾನ್ಯವಾಗಿ ಅಡಿಕೆಗೆ ಶೇ. 100 ಆಮದು ಸುಂಕ ಇದೆ. ಈ ಒಪ್ಪಂದಗಳ ಅಡಿ ಬಂದರೆ ಸುಂಕ ಇಲ್ಲ, ಇಲ್ಲವೇ ತುಂಬಾ ಕಡಿಮೆ. ಇಂಡೋನೇಷ್ಯಾದಲ್ಲಿ ಬೆಳೆದ ಅಡಿಕೆ ಶ್ರೀಲಂಕಾ ಹೆಸರಲ್ಲಿ ಬರುತ್ತೆ ಅನ್ನೋದು ಬೆಳೆಗಾರರ ಹಳೇ ದೂರು.

ದಾರಿ 1: ಒಳಗೇ ಇದ್ದು ಗೇಟ್ ಗಟ್ಟಿ ಮಾಡೋದು

ಈಗ ಇರೋದು ಇದೇ ದಾರಿ. ಕನಿಷ್ಠ ಆಮದು ಬೆಲೆ 2017ರಲ್ಲಿ ಕೆಜಿಗೆ 251 ರೂ. ಆಯ್ತು, 2023ರ ಫೆಬ್ರವರಿಯಲ್ಲಿ 351 ರೂ. ಆಯ್ತು. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆ ತರುವಂತಿಲ್ಲ. ಆದರೆ ಇಲ್ಲೊಂದು ತೂತಿದೆ. ಉದಾಹರಣೆಗೆ 200 ರೂ. ಕೊಟ್ಟು ತಂದ ಅಡಿಕೆಗೆ 351 ಅಂತ ಬಿಲ್ ಮಾಡಿಸಿದರೆ? ಸುಂಕ ಶೇ. 100 ಇದ್ದರೆ ಈ ಸುಳ್ಳಿಗೆ ಮತ್ತೆ 351 ರೂ. ಕಟ್ಟಬೇಕು, ಗಿಟ್ಟಲ್ಲ. ಸುಂಕ ಸೊನ್ನೆ ಇದ್ದರೆ ಸುಳ್ಳಿಗೆ ಖರ್ಚೇ ಇಲ್ಲ.

ದಾರಿ 2: ಅಡಿಕೆ ಒಂದನ್ನೇ ಹೊರಗಿಡೋದು

ಒಪ್ಪಂದ ಇರಲಿ, ಅಡಿಕೆಯನ್ನು ರಿಯಾಯಿತಿ ಪಟ್ಟಿಯಿಂದ ತೆಗೀಲಿ ಅನ್ನೋದು ಎರಡನೇ ದಾರಿ. ಆಗ ಪೂರ್ತಿ ಸುಂಕ ಬೀಳುತ್ತೆ, ಮೇಲೆ ಹೇಳಿದ ತೂತೂ ಮುಚ್ಚುತ್ತೆ. ಆದರೆ ಆಚೆ ದೇಶಾನೂ ಒಪ್ಪಬೇಕು. ಅವರು ಬದಲಿಗೆ ಬೇರೇನಾದರೂ ಕೇಳದೇ ಬಿಡಲ್ಲ.

ದಾರಿ 3: ಪೂರ್ತಿ ಹೊರಗೆ ಬರೋದು

"2019ರಲ್ಲಿ ಆರ್‌ಸಿಇಪಿಯಿಂದ ಬರಲಿಲ್ವಾ?" ಅಂತ ಕೇಳ್ತಾರೆ. ಆ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಸೇರಲ್ಲ ಅಂದಿದ್ದು ಸಹಿ ಹಾಕೋ ಮೊದಲೇ. ಮದುವೆ ಮಾತುಕತೆಯಲ್ಲಿ ಎದ್ದು ಬರೋದು ಬೇರೆ, ಕೂಡಿದ ಮನೆಯಲ್ಲಿ ಹಿಸ್ಸೆ ಆಗೋದು ಬೇರೆ.

ಹಿಸ್ಸೆ ಆದರೆ ನಾವು ಮಾರೋ ಮಾಲಿಗೂ ಆಚೆಯವರು ಸುಂಕ ಹಾಕಬಹುದು. ನಮ್ಮ ಶಿಕಾರಿಪುರ, ಸೊರಬದಲ್ಲಿ ಎಷ್ಟೋ ಮನೆಗಳಿಗೆ ಅಡಿಕೆ ತೋಟನೂ ಇದೆ, ಮೆಕ್ಕೆಜೋಳ, ಶುಂಠಿಯ ಹೊಲನೂ ಇದೆ. ಭಾರತದ ಮೆಕ್ಕೆಜೋಳ ರಫ್ತಾದಾಗ ಹೆಚ್ಚು ಕೊಳ್ಳೋರಲ್ಲಿ ಬಾಂಗ್ಲಾದೇಶ, ನೇಪಾಳ ಸೇರಿವೆ. ಶುಂಠಿಗೂ ಬಾಂಗ್ಲಾ ದೊಡ್ಡ ಗಿರಾಕಿ. ಅಂದ್ರೆ ಸಾಫ್ಟಾ ಬಿಟ್ಟರೆ ತೋಟಕ್ಕೆ ಸಿಕ್ಕಿದ್ದು ಹೊಲದಲ್ಲಿ ಹೋಗಬಹುದು.

ಬದು ಎಲ್ಲಿ ಹಾಕೋದು?

ಹಿಸ್ಸೆ ಆದ ಮೇಲಿನ ದೊಡ್ಡ ಜಗಳ ಬದುವಿನದು. ಬ್ರಿಟನ್ 2020ರ ಜನವರಿ 31ರಂದು ಯುರೋಪಿಯನ್ ಒಕ್ಕೂಟ ಬಿಟ್ಟಿತು. ಅವರಿಗೆ ತಲೆನೋವಾಗಿದ್ದು ಐರ್ಲೆಂಡ್ ಗಡಿ. ಆಚೆಗಿರೋ ಐರ್ಲೆಂಡ್ ಒಕ್ಕೂಟದಲ್ಲೇ ಉಳೀತು, ಈಚೆಗಿರೋ ಉತ್ತರ ಐರ್ಲೆಂಡ್ ಬ್ರಿಟನ್ನಿನದು. 1998ರ ಶಾಂತಿ ಒಪ್ಪಂದ ಆದ ಜಾಗದಲ್ಲಿ ಮತ್ತೆ ಗೇಟ್ ಹಾಕೋಕೆ ಯಾರಿಗೂ ಮನಸ್ಸಿರಲಿಲ್ಲ. ಕೊನೆಗೆ ಬ್ರಿಟನ್ನಿನಿಂದ ಉತ್ತರ ಐರ್ಲೆಂಡಿಗೆ ಹೋಗೋ ಮಾಲನ್ನೇ ಬಂದರಿನಲ್ಲಿ ತಪಾಸಣೆ ಮಾಡಬೇಕಾಯ್ತು. ತಮ್ಮ ದೇಶದೊಳಗೇ ಚೆಕ್‌ಪೋಸ್ಟ್!

ನಮ್ಮ ಕಥೆ ಇನ್ನೂ ಕಷ್ಟ. ಬರ್ಮಾ ಸಾರ್ಕ್‌ನಲ್ಲೇ ಇಲ್ಲ, ಆದರೂ ಅಲ್ಲಿಂದ ಮಿಜೋರಾಂಗೆ ಬಂದ ಕಳ್ಳ ಅಡಿಕೆ ಹಿಡಿದ ಸುದ್ದಿ ಬರ್ತಾನೇ ಇರುತ್ತೆ. ಕಳ್ಳ ಮಾಲಿಗೆ ಒಪ್ಪಂದ ಇದ್ದರೂ ಒಂದೇ, ಬಿಟ್ಟರೂ ಒಂದೇ. 'ಹುರಿದ ಅಡಿಕೆ' ಅನ್ನೋ ಬೇರೆ ಹೆಸರಲ್ಲಿ ಬರೋ ಮಾಲಿಗೂ 351ರ ನಿಯಮ ಹಾಕಿದ್ದು 2025ರ ಏಪ್ರಿಲ್‌ನಲ್ಲಿ. ಇನ್ನು ಸರ್ಕಾರವೇ ತೆಗೆದ ಗೇಟೂ ಇದೆ: 2022ರಲ್ಲಿ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು ಅನುಮತಿ ಕೊಟ್ಟಿತು.

ಹಾಗಾದರೆ ಏನು ಕೇಳಬೇಕು?

ಬರೀ "ರದ್ದು ಮಾಡಿ" ಅಂದರೆ ಸಾಲದು. ಮಾಲು ನಿಜಕ್ಕೂ ಎಲ್ಲಿ ಬೆಳೆದದ್ದು ಅಂತ ಆಮದುದಾರನೇ ದಾಖಲೆ ಇಟ್ಟುಕೊಂಡು ತೋರಿಸಬೇಕು ಅನ್ನೋ ನಿಯಮ 2020ರ ಸೆಪ್ಟೆಂಬರ್‌ನಿಂದಲೇ ಇದೆ. ಅದನ್ನು ಬಂದರಿನಲ್ಲಿ ಬಿಗಿಯಾಗಿ ನೋಡಿದರೆ ಅರ್ಧ ಕೆಲಸ ಆದಂಗೆ. ಮುಂದಿನ ಸಲ ಓಟು ಕೇಳೋಕೆ ಬಂದವರು "ಒಪ್ಪಂದ ರದ್ದು ಮಾಡಿಸ್ತೀವಿ" ಅಂದರೆ ಮೂರು ಪ್ರಶ್ನೆ ಕೇಳಿ: ಯಾವ ಒಪ್ಪಂದ? ಗಡಿಯಲ್ಲಿ ನೋಡೋರು ಯಾರು? ನಮ್ಮ ಮೆಕ್ಕೆಜೋಳ, ಶುಂಠಿ ಕೊಳ್ಳೋರು ಯಾರು? ಮೂರಕ್ಕೂ ಉತ್ತರ ಇದ್ದರೆ ಮಾತ್ರ ಚಪ್ಪಾಳೆ ಹೊಡೀರಿ.