ಕೈಗಾದ ಕೂಲರಿಗೆ ಟ್ರಿಟಿಯಂ ಬಂದದ್ದು ಹೇಗೆ?

ಕೈಗಾ ಹೆಸರನ್ನು ನೀವು ಮನೆಯ ಹಿರಿಯರ ಬಾಯಲ್ಲಿ ಕೇಳಿರಬಹುದು. ಉತ್ತರ ಕನ್ನಡ ಜಿಲ್ಲೆಯ ಕಾಡಿನ ನಡುವೆ, ಕಾಳಿ ನದಿಯ ದಂಡೆಯಲ್ಲಿರುವ ಅಣು ವಿದ್ಯುತ್ ಸ್ಥಾವರ ಅದು. "ಅಲ್ಲಿ ಏನೋ ಆಗಿತ್ತಂತೆ" ಎನ್ನುವವರು ಎರಡು ಘಟನೆಗಳನ್ನು ಕಲಸಿಬಿಡುತ್ತಾರೆ. 1994ರ ಮೇ 13ರಂದು, ಇನ್ನೂ ಕಟ್ಟುತ್ತಿದ್ದ ಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಆಗ ಒಳಗೆ ಯುರೇನಿಯಂ ಇರಲೇ ಇಲ್ಲ, ಆದ್ದರಿಂದ ವಿಕಿರಣದ ಪ್ರಶ್ನೆಯೂ ಇರಲಿಲ್ಲ. ನಾನು ಹೇಳಹೊರಟಿರುವುದು 2009ರ ಘಟನೆ.

ಸ್ಥಾವರದ ನೌಕರರು ಆಗಾಗ ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆ ವರ್ಷ ನವೆಂಬರ್ 24ರಂದು ಕೆಲವರ ಮೂತ್ರದಲ್ಲಿ ಟ್ರಿಟಿಯಂ ಹೆಚ್ಚಾಗಿ ಕಂಡಿತು. ಹುಡುಕುತ್ತಾ ಹೋದಂತೆ ಅಂಥವರ ಸಂಖ್ಯೆ 50 ದಾಟಿತು. ಟ್ರಿಟಿಯಂ ಎಂದರೆ ವಿಕಿರಣ ಸೂಸುವ ಹೈಡ್ರೋಜನ್. ಕೈಗಾದ ರಿಯಾಕ್ಟರುಗಳಲ್ಲಿ ಭಾರಜಲ ಬಳಸುತ್ತಾರೆ. ಅದರಲ್ಲಿರುವ ಡ್ಯೂಟೀರಿಯಂ ನ್ಯೂಟ್ರಾನನ್ನು ಹೀರಿಕೊಂಡು ಟ್ರಿಟಿಯಂ ಆಗುತ್ತದೆ. ಅದರ ಕಿರಣ ನಮ್ಮ ಚರ್ಮವನ್ನೂ ದಾಟಲಾರದು. ಆದರೆ ಕುಡಿಯುವ ನೀರಿನ ಜೊತೆ ಒಳಗೆ ಹೋದರೆ ಮೈಯೆಲ್ಲ ಹರಡುತ್ತದೆ.

ರಿಯಾಕ್ಟರಿನಿಂದಲೇ ಸೋರಿದೆ ಎಂದು ಹಲವರು ಹೇಳಿದರು. ಸೋರಿಕೆ ಇಲ್ಲ, ಒಳಗಿನವರೇ ಯಾರೋ ಬೇಕೆಂದು ಕೂಲರಿಗೆ ಭಾರಜಲ ಬೆರೆಸಿದ್ದಾರೆ ಎಂದು ಸ್ಥಾವರದವರು ಹೇಳಿದರು. ಆಗ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಅನಿಲ್ ಕಾಕೋಡ್ಕರ್ ಅವರದೂ ಇದೇ ಮಾತು.

ನೀವು ಯಾವುದನ್ನು ನಂಬುತ್ತೀರಿ? ನಾನು ಮೊದಲು ಸೋರಿಕೆಯನ್ನೇ ನಿಜವೆಂದು ಇಟ್ಟುಕೊಂಡು ನೋಡಿದೆ. ಸೋರಿದ್ದರೆ ಗಾಳಿಯಲ್ಲೂ ಟ್ರಿಟಿಯಂ ಹೆಚ್ಚಾಗಬೇಕಿತ್ತು. ಕೊಳವೆಯ ನೀರೇ ಕೆಟ್ಟಿದ್ದರೆ ಬೇರೆ ಕೂಲರುಗಳಲ್ಲೂ ಅದು ಸಿಗಬೇಕಿತ್ತು. ತನಿಖೆಯಲ್ಲಿ ಸಿಕ್ಕಿದ್ದು ಒಂದೇ ಕೂಲರಿನಲ್ಲಿ. ಮೈಗೆ ಟ್ರಿಟಿಯಂ ಸೇರಿದ್ದು ಅದರ ನೀರು ಕುಡಿದವರಿಗೆ. ಆದ್ದರಿಂದ ಬೆರೆಸಿದ್ದಾರೆ ಎಂಬ ವಿವರಣೆಯೇ ಹೆಚ್ಚು ಹೊಂದುತ್ತದೆ ಎಂದು ನನಗನಿಸುತ್ತದೆ.

"ಸ್ಥಾವರದವರು ತಮ್ಮ ತಪ್ಪು ಮುಚ್ಚಿಕೊಳ್ಳಲು ಹಾಗೆ ಹೇಳಿರಬಹುದಲ್ಲ?" ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು, ಏಕೆಂದರೆ ಅಳತೆಗಳೆಲ್ಲ ಅವರ ಕೈಯಲ್ಲೇ ಇದ್ದವು. ಸುದ್ದಿ ಹೊರಗೆ ಬಂದದ್ದೂ ಕೆಲವು ದಿನಗಳ ನಂತರ, ಆದ್ದರಿಂದ ಜನರ ಅನುಮಾನ ಸಹಜ. ಆದರೆ ಒಳಗಿನವನೊಬ್ಬ ಭಾರಜಲ ತೆಗೆದುಕೊಂಡು ಹೋಗಿ ಕುಡಿಯುವ ನೀರಿಗೆ ಹಾಕಬಲ್ಲ ಎಂದು ಒಪ್ಪಿಕೊಳ್ಳುವುದು ಮಾನ ಉಳಿಸುವ ಮಾತೇ? ನನಗಂತೂ ಅದು ಪೈಪ್ ಸೋರಿಕೆಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಪೈಪನ್ನು ರಿಪೇರಿ ಮಾಡಬಹುದು.

ಆ ನೌಕರರಿಗೆ ಚಿಕಿತ್ಸೆ ಸರಳವಾಗಿತ್ತು: ಹೆಚ್ಚು ನೀರು ಕುಡಿಸಿ, ಹೆಚ್ಚು ಮೂತ್ರ ಹೋಗುವಂತೆ ಮಾಡುವುದು. ಮೈಯಲ್ಲಿರುವ ಟ್ರಿಟಿಯಂ ಸುಮಾರು 10 ದಿನಕ್ಕೆ ಅರ್ಧವಾಗುತ್ತದೆ.

ನಮ್ಮ ಯುಎಇಯ ಬರಾಕಾದಲ್ಲೂ ನಾಲ್ಕು ರಿಯಾಕ್ಟರುಗಳಿವೆಯಲ್ಲ, ಅಲ್ಲಿ? ಅಲ್ಲಿ ಬಳಸುವುದು ಭಾರಜಲವಲ್ಲ, ಸಾಮಾನ್ಯ ನೀರು. ಟ್ರಿಟಿಯಂ ಹುಟ್ಟುವುದು ಬಹಳ ಕಡಿಮೆ.