ಚಿಂಚೋಳಿಯ ಕಾಡು, ತಾಂಡಾದವರ ಪಾಲು

ಕಲಬುರಗಿ ಸೀಮೆ ಎಂದರೆ ಬಿರುಬಿಸಿಲು, ತೊಗರಿ ಹೊಲ, ಶಹಾಬಾದ್ ಕಲ್ಲಿನ ಗಣಿ, ವಾಡಿ-ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆ ಎಂದಷ್ಟೇ ಹೊರಗಿನವರು ತಿಳಿದಿದ್ದಾರೆ. ಆದರೆ ತೆಲಂಗಾಣದ ಗಡಿಗೆ ಅಂಟಿಕೊಂಡ ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಗುಡ್ಡಗಳಲ್ಲಿ ತೇಗ, ಶ್ರೀಗಂಧ, ರಕ್ತಚಂದನ ಬೆಳೆದ ಕಾಡಿದೆ. ಸುಮಾರು 134 ಚದರ ಕಿಲೋಮೀಟರ್ ಹರಡಿರುವ ಇದನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮವೆಂಬ ಹೆಸರೂ ಇದಕ್ಕಿದೆ. ಕೃಷ್ಣಮೃಗ, ಕತ್ತೆಕಿರುಬ, ತೋಳ, ನರಿಗಳ ಈ ನೆಲೆಗೆ ಚಂದ್ರಂಪಳ್ಳಿ ಜಲಾಶಯವನ್ನೂ ಮಳೆಗಾಲದ ಎತ್ತಿಪೋತ ಜಲಪಾತವನ್ನೂ ನೋಡಲು, ಗುಡ್ಡ ಹತ್ತಲು ಜನ ಬರುತ್ತಾರೆ.

ಬರುವುದು ತಪ್ಪಲ್ಲ, ಹೇಗೆ ಬರುತ್ತಾರೆ ಎಂಬುದೇ ಮುಖ್ಯ. ಒಣ ಕಾಡಿನಲ್ಲಿ ಬೇಸಿಗೆ ಬಂತೆಂದರೆ ನೀರು ಉಳಿಯುವುದು ಕೆಲವೇ ಕಡೆ. ಕತ್ತಲಾಗುವ ಹೊತ್ತಿಗೆ ಪ್ರಾಣಿಗಳು ಅಲ್ಲಿಗೆ ಇಳಿಯಬೇಕು. ಪ್ರವಾಸಿಗರು ಟೆಂಟ್ ಹಾಕಿ, ಬೆಂಕಿ ಹೊತ್ತಿಸಿ, ಹಾಡು ಹಚ್ಚಲು ಬಯಸುವುದೂ ಅದೇ ದಂಡೆಯಲ್ಲಿ, ಅದೇ ಹೊತ್ತಿನಲ್ಲಿ. ಮನುಷ್ಯನ ಸದ್ದಿಗೆ ಹೆದರಿ ಹಿಂದಿರುಗಿದ ಪ್ರಾಣಿಗೆ ಮತ್ತೊಂದು ನೀರಿನ ನೆಲೆ ಹತ್ತಿರದಲ್ಲಿರುವುದಿಲ್ಲ. ಬಂಡೆಯ ಮೇಲೆ ಒಡೆದು ಬಿಟ್ಟ ಬಾಟಲಿಯ ಚೂರು ಮೇಯಲು ಬಂದ ದನದ ಕಾಲಿಗೆ ಚುಚ್ಚುತ್ತದೆ. ಪ್ರವಾಸಿಗನ ಮೋಜು ಒಂದು ದಿನದ್ದು, ಕಾಡಂಚಿನ ತಾಂಡಾದವರ ತೊಂದರೆ ವರ್ಷವಿಡೀ ಉಳಿಯುವಂಥದ್ದು.

ಹಿಂದುಳಿದ ಈ ಭಾಗದಲ್ಲಿ ಪ್ರವಾಸೋದ್ಯಮಕ್ಕೆ ಕಡಿವಾಣ ಹಾಕಿದರೆ ದುಡಿಮೆ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಇಲ್ಲಿನ ತಾಂಡಾಗಳ ಲಂಬಾಣಿ ಕುಟುಂಬಗಳು ಇಂದಿಗೂ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತವೆ. ಆದರೆ ವಾಹನ, ಊಟ, ಮಾರ್ಗದರ್ಶಿ ಎಲ್ಲವೂ ಪಟ್ಟಣದಿಂದಲೇ ಬಂದರೆ ಎಷ್ಟು ಸಾವಿರ ಜನ ಬಂದರೂ ಆ ಗುಳೆ ನಿಲ್ಲದು. ತಾಂಡಾದ ಯುವಕರೇ ಚಾರಣದ ಮಾರ್ಗದರ್ಶಿಗಳಾಗಿ, ಮಹಿಳೆಯರೇ ಜೋಳದ ರೊಟ್ಟಿಯ ಊಟ ಕೊಟ್ಟರೆ ಕೆಲವೇ ಜನ ಬಂದರೂ ಹಣ ಊರಲ್ಲೇ ಉಳಿಯುತ್ತದೆ. ಈಗ ಅಷ್ಟು ಜನ ಬರುತ್ತಿಲ್ಲವಲ್ಲ, ನಿಯಮಕ್ಕೇನು ಅವಸರ ಎಂಬ ಮಾತೂ ಇದೆ. ಕುಮಾರ ಪರ್ವತದಲ್ಲಿ 2024ರ ಜನವರಿಯಲ್ಲಿ ಚಾರಣಿಗರು ಕಿಕ್ಕಿರಿದ ಮೇಲೆಯೇ ಸರ್ಕಾರ ಚಾರಣಕ್ಕೆ ತಡೆ ಹಾಕಿ, ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಬೇಕಾಯಿತು. ಚಿಂಚೋಳಿಗೆ ಆ ಗತಿ ಬರುವ ಮೊದಲೇ ಎಚ್ಚೆತ್ತುಕೊಳ್ಳಲು ಕಾಲಾವಕಾಶವಿದೆ.

ದಿನಕ್ಕೆ ಇಷ್ಟೇ ಜನ ಎಂಬ ಮಿತಿ, ಸಂಜೆಯ ನಂತರ ನೀರಿನ ದಂಡೆಗೆ ಪ್ರವೇಶವಿಲ್ಲ ಎಂಬ ನಿಯಮ, ಶುಲ್ಕದಲ್ಲಿ ತಾಂಡಾಗಳಿಗೆ ಪಾಲು: ಅರಣ್ಯ ಇಲಾಖೆಯೂ ಪ್ರವಾಸೋದ್ಯಮ ಇಲಾಖೆಯೂ ಕೂಡಿ ಈ ಮೂರನ್ನು ಜಾರಿಗೆ ತರಲಿ. ಹೋಗುವವರು ತಂದ ಕಸವನ್ನು ತಾವೇ ಹೊತ್ತೊಯ್ಯಲಿ.